ಟೆಲಿಸ್ಕೋಪಿನಲ್ಲಿ ಮಸುಕು ಬಿಟ್ಟರೆ ಏನೂ ಕಾಣುತ್ತಿಲ್ಲ, ಮಾರಿಬಿಡಲೇ?

ದಯವಿಟ್ಟು ಮಾರಬೇಡಿ. ಶಿರಸಿ ಹತ್ತಿರ ತೋಟದ ಪಕ್ಕದ ಮನೆ, ಮುಂದಿನ ಗಾಜು 70 ಮಿ.ಮೀ. ಅಗಲದ ಟೆಲಿಸ್ಕೋಪು, ಮೂರು ರಾತ್ರಿ ನೋಡಿದರೂ ಬರೀ ಮಸುಕು ಎಂದು ಬರೆದಿದ್ದೀರಿ. ನನ್ನದೂ ಅದೇ ಅಳತೆಯದು, 700 ಮಿ.ಮೀ. ನಾಭಿದೂರ (ಗಾಜಿನಿಂದ ಬೆಳಕು ಒಂದೆಡೆ ಕೂಡುವಲ್ಲಿಯವರೆಗಿನ ದೂರ). ಮನೆಯೂ ಅಡಿಕೆ ತೋಟದ ಅಂಚಿಗೇ. ಮೊದಲ ವಾರ ನಾನೂ ಹೀಗೇ ಸೋತಿದ್ದೆ.

ನಮ್ಮ ತೋಟಗಳಿರುವುದೇ ತಗ್ಗಿನಲ್ಲಿ. ಕತ್ತಲಾದರೆ ಥಂಡಿ ಅಲ್ಲೇ ಇಳಿದು ನಿಲ್ಲುತ್ತದೆ, ಚಳಿಗಾಲದಲ್ಲಿ ಎಂಟೂವರೆ ಅನ್ನುವಷ್ಟರಲ್ಲಿ ಮುಂದಿನ ಗಾಜಿನ ಮೇಲೆ ಇಬ್ಬನಿ ಕೂತಿರುತ್ತದೆ. ಬಟ್ಟೆಯಲ್ಲಿ ಒರೆಸಬೇಡಿ, ಗೀರು ಬೀಳುತ್ತದೆ. ಕಪ್ಪು ಡ್ರಾಯಿಂಗ್ ಶೀಟು ಸುತ್ತಿ, ಕೊಳವೆಯ ಬಾಯಿಂದ ಒಂದು ಗೇಣು ಮುಂದೆ ಚಾಚುವಂತೆ ಕಟ್ಟಿ. ನೋಡುವ ಅರ್ಧ ತಾಸು ಮೊದಲೇ ಹೊರಗಿಡಿ. ನಾನಂತೂ ಅಂಗಳ ಬಿಟ್ಟು ಮೇಲಿನ ಬೇಣಕ್ಕೆ (ಹುಲ್ಲುಗಾವಲಿಗೆ) ಹೊತ್ತುಕೊಂಡು ಹೋಗುತ್ತೇನೆ.

ಇನ್ನೊಂದು, ಜೊತೆಗೆ ಬಂದ 3 ಪಟ್ಟಿನ ಬಾರ್ಲೋ ಮಸೂರವನ್ನು (ಕಾಣುವುದನ್ನು ಇನ್ನೂ ಮೂರು ಪಟ್ಟು ಹಿಗ್ಗಿಸುವುದು) ಪೆಟ್ಟಿಗೆಯಲ್ಲೇ ಬಿಡಿ. ಕಣ್ಣಿಡುವ ಕಡೆ ಹಾಕುವ ಮಸೂರ, ಅಂದರೆ 10 ಮಿ.ಮೀ. ಐಪೀಸಿಗೆ ಅದನ್ನು ಸೇರಿಸಿದರೆ 210 ಪಟ್ಟು ಆಗುತ್ತದೆ. 70 ಮಿ.ಮೀ. ಗಾಜು ತಾಳಿಕೊಳ್ಳುವುದು ಹೆಚ್ಚೆಂದರೆ 140 ಪಟ್ಟು. ನಿಮ್ಮ ಮಸುಕಿಗೆ ಮುಖ್ಯ ಕಾರಣ ಇದೇ ಇರಬೇಕು. 25 ಮಿ.ಮೀ. ಐಪೀಸ್ ಹಾಕಿ, 28 ಪಟ್ಟು ಸಾಕು.

ಜನವರಿಯ ಒಂದು ರಾತ್ರಿ ಗುರು ಗ್ರಹವನ್ನು ಹಿಡಿದಿದ್ದೆ. ಏಳೂವರೆಗೆ ಮೂರು ಚಂದ್ರಗಳು ಮಾತ್ರ ಸಾಲಾಗಿ ಕಂಡವು. ಸ್ವಲ್ಪ ಹೊತ್ತಿಗೆ ಗ್ರಹದ ಅಂಚಿನಲ್ಲಿ ಸಾಸಿವೆಯಷ್ಟು ಉಬ್ಬು. ಒಂಬತ್ತಕ್ಕೆ ನೋಡಿದರೆ ಅದು ಬಿಡಿಸಿಕೊಂಡು ಬೇರೆಯೇ ನಿಂತಿತ್ತು. ಅದು ಅಯೋ ಎಂಬ ನಾಲ್ಕನೆಯ ಚಂದ್ರ! 42 ತಾಸಿಗೊಮ್ಮೆ ಗುರುವನ್ನು ಸುತ್ತುವ ಅದು ನನ್ನ ಕಣ್ಣೆದುರೇ ನಡೆದಿತ್ತು. 1610ರಲ್ಲಿ ಗೆಲಿಲಿಯೋ ಕಂಡಿದ್ದೂ ಇವೇ ನಾಲ್ಕನ್ನು. ಆಯಿಯನ್ನು ಕರೆದು 10 ಮಿ.ಮೀ. ಐಪೀಸಿನಲ್ಲಿ ತೋರಿಸಿದೆ. ಶಾಲು ಹೊದ್ದು ಬಗ್ಗಿ ನೋಡಿದವಳು ಎರಡು ನಿಮಿಷಕ್ಕೆ, "ತಮಾ, ಅದು ಓಡಿ ಹೋತಲೋ!" ಅಂದಳು. ಓಡಿದ್ದು ನಮ್ಮ ಭೂಮಿ. ಅಷ್ಟು ಪಟ್ಟಿನಲ್ಲಿ ಅದರ ತಿರುಗಾಟ ಹಾಗೆ ಎದ್ದು ಕಾಣುತ್ತದೆ. ಕೊಳವೆಯನ್ನು ಆಗಾಗ ಮೆಲ್ಲಗೆ ಸರಿಸುತ್ತಿರಬೇಕು.

ಚಂದ್ರನನ್ನು ಹುಣ್ಣಿಮೆಗೆ ನೋಡಬೇಡಿ, ನೆರಳಿಲ್ಲದೆ ಚಪ್ಪಟೆ ಕಾಣುತ್ತಾನೆ. ಶುಕ್ಲಪಕ್ಷದ ಸಪ್ತಮಿ, ಅಷ್ಟಮಿಗೆ ಬೆಳಕು-ಕತ್ತಲೆಯ ಗೆರೆ ಹಿಡಿದು ನೋಡಿ, ಕುಳಿಗಳ ಅಂಚು ಒಂದೊಂದೂ ಕಾಣುತ್ತದೆ. ಸೂರ್ಯನ ಕಡೆಗೆ ಮಾತ್ರ ಎಂದೂ ತಿರುಗಿಸಬೇಡಿ, ಕಣ್ಣೇ ಹೋಗುತ್ತದೆ.

ನಮ್ಮೂರಿಗೊಂದು ಭಾಗ್ಯವಿದೆ. ಧ್ರುವ ನಕ್ಷತ್ರ ಇಲ್ಲಿ ಸುಮಾರು 15 ಡಿಗ್ರಿ ಮಾತ್ರ ಮೇಲಿರುವುದರಿಂದ ಅಡಿಕೆ ಮರಗಳ ಹಿಂದೆ ಅಡಗಿರುತ್ತದೆ ನಿಜ, ಆದರೆ ದಕ್ಷಿಣದ ಆಕಾಶ ಅಷ್ಟೇ ಹೆಚ್ಚು ತೆರೆದುಕೊಳ್ಳುತ್ತದೆ. ಲಂಡನ್ನಿನಲ್ಲಿ ಹುಟ್ಟುವುದೇ ಇಲ್ಲದ ಒಮೆಗಾ ಸೆಂಟಾರಿ ನಮ್ಮಲ್ಲಿ 28 ಡಿಗ್ರಿ ಏರುತ್ತದೆ. ಸುಮಾರು ಒಂದು ಕೋಟಿ ನಕ್ಷತ್ರಗಳ ಗುಚ್ಛ, ನಿಮ್ಮ ಗಾಜಿನಲ್ಲಿ ಹತ್ತಿಯ ಉಂಡೆಯ ಹಾಗೆ ಕಾಣುತ್ತದೆ. ಏಪ್ರಿಲ್ ಕೊನೆಯಲ್ಲಿ, ಚಂದ್ರನಿಲ್ಲದ ರಾತ್ರಿ 11ರ ನಂತರ, ದಕ್ಷಿಣಕ್ಕೆ ಹುಡುಕಿ. ಮೋಡ ಕವಿಯುವ ಮೊದಲು.