ಮೂರನೇ ಕ್ಲಾಸಿನ ಮಗಳು ಒತ್ತಕ್ಷರ ತಪ್ಪು ಓದುತ್ತಾಳೆ, ಸೋನಾಲಿ ನಾಗ್ ಅವರ ಸಂಶೋಧನೆ ಇದಕ್ಕೆ ಏನು ಹೇಳುತ್ತದೆ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಮಕ್ಕಳು ಕನ್ನಡ ಓದೋದನ್ನು ಹೇಗೆ ಕಲಿಯುತ್ತಾರೆ ಅಂತ ಮನಃಶಾಸ್ತ್ರಜ್ಞೆ ಸೋನಾಲಿ ನಾಗ್ ಅಧ್ಯಯನ ಮಾಡಿದ್ದಾರಂತೆ, ಅದರಿಂದ ಏನಾದರೂ ಬದಲಾಯಿತಾ ಅನ್ನೋದು ಒಂದು. ನಿಮ್ಮ ಮಗಳಿಗೆ ಎಬಿಸಿಡಿ ಎಲ್‌ಕೆಜಿಯಲ್ಲೇ ಬಂತು, ಕನ್ನಡದ ಒತ್ತಕ್ಷರ ಮಾತ್ರ ಮೂರನೇ ಕ್ಲಾಸಿಗೆ ಬಂದರೂ ತಡವರಿಸುತ್ತಾಳೆ, ತೊಂದರೆ ಇದೆಯಾ ಅನ್ನೋದು ಇನ್ನೊಂದು. ನಾನು ರಾಯಚೂರು ಜಿಲ್ಲೆಯ ಮಸ್ಕಿ ಕಡೆ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ಮೊದಲನೆಯದಕ್ಕೆ ಉತ್ತರ ಸಿಕ್ಕರೆ ಎರಡನೆಯದರ ಭಯ ಅರ್ಧ ಕಡಿಮೆಯಾಗುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡಿ. ಇಂಗ್ಲಿಷಿಗೆ 26 ಅಕ್ಷರ. ನಮ್ಮ ವರ್ಣಮಾಲೆಯಲ್ಲಿ 49. ಆದರೆ ಪುಸ್ತಕ ತೆಗೆದ ಮಗುವಿನ ಕಣ್ಣಿಗೆ ಬೀಳೋದು 49 ಆಕಾರ ಅಲ್ಲ. 34 ವ್ಯಂಜನ, ಒಂದೊಂದಕ್ಕೂ ಕಾಗುಣಿತದ 15 ರೂಪ, ಅಲ್ಲಿಗೇ 510 ಆಯಿತು. ಅದರಲ್ಲಿ ಕೆಲವು ಓದಿನಲ್ಲಿ ಬರೋದೇ ಅಪರೂಪ, ನಿಜ. ಆದರೆ ಒತ್ತಕ್ಷರಗಳನ್ನು ನಾನಿನ್ನೂ ಎಣಿಸಿಯೇ ಇಲ್ಲ.

ಸೋನಾಲಿ ನಾಗ್ ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ ಎಂಬ ಸಂಸ್ಥೆಯಲ್ಲಿದ್ದುಕೊಂಡು ಕನ್ನಡ ಓದುವ ಮಕ್ಕಳನ್ನು ಅಧ್ಯಯನ ಮಾಡಿದವರು. ಆಮೇಲೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಅವರ ಮುಖ್ಯ ಲೇಖನ 2007ರಲ್ಲಿ ಜರ್ನಲ್ ಆಫ್ ರಿಸರ್ಚ್ ಇನ್ ರೀಡಿಂಗ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಕಂಡದ್ದು ಇಷ್ಟು: ಎಬಿಸಿಡಿ ಥರದ ಲಿಪಿಯಲ್ಲಿ ಅಕ್ಷರ ಗುರುತಿಸೋದು ಸುಮಾರು ಒಂದು ವರ್ಷದ ಕೆಲಸ. ಕನ್ನಡದಲ್ಲಿ ಅದೇ ಕೆಲಸ ಮೂರನೇ, ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತದೆ. ಮಗು ಮಂದ ಅಂತ ಅಲ್ಲ, ಕಲಿಯಬೇಕಾದ ರಾಶಿಯೇ ದೊಡ್ಡದು.

ಇದು ಗೊತ್ತಿಲ್ಲದಾಗ ನಾನು ಒಂದು ತಪ್ಪು ಮಾಡಿದ್ದೆ. ಮೂರನೇ ಕ್ಲಾಸಿನ ಹುಡುಗಿಯೊಬ್ಬಳ ಅವ್ವನಿಗೆ "ಈಕಿಗೆ ಓದು ತಲಿಗೆ ಹತ್ತವಲ್ದು" ಅಂದುಬಿಟ್ಟೆ. ಆ ತಾಯಿ ಮಾತಾಡದೆ ಎದ್ದು ಹೋದರು. ಆ ಹುಡುಗಿ ‘ಸೂರ್ಯ’ವನ್ನು ‘ಸೂಯ್ರ’ ಅಂತ ಓದುತ್ತಿದ್ದಳು. ತುಂಬ ದಿನ ಆದ ಮೇಲೆ ಒಮ್ಮೆ ಪಕ್ಕದಲ್ಲಿ ಕೂತು ಅವಳ ಬೆರಳು ನೋಡಿದೆ. ಬೆರಳು ಮೊದಲು ‘ಯ’ ಮೇಲೆ ಹೋಯಿತು, ಆಮೇಲೆ ಬಲಕ್ಕಿರುವ ಅರ್ಕಾವತ್ತಿನ ಮೇಲೆ. ಅದೇ ಹುಡುಗಿ ‘ಚಕ್ರ’ ಸರಿಯಾಗಿ ಓದುತ್ತಿದ್ದಳು. ಚಕ್ರದಲ್ಲಿ ‘ಕ’ ಮೊದಲು, ಒತ್ತು ಆಮೇಲೆ. ಆ ನಿಯಮ ಅವಳಿಗೆ ಚೆನ್ನಾಗಿ ಬಂದಿತ್ತು. ಅದನ್ನೇ ಸೂರ್ಯಕ್ಕೂ ಹಚ್ಚಿದ್ದಳು. ಅರ್ಕಾವತ್ತು ಬರೆಯುವಾಗ ಹಿಂದೆ, ಹೇಳುವಾಗ ಮುಂದೆ ಅಂತ ನಾನೇ ಬಿಡಿಸಿ ಹೇಳಿರಲಿಲ್ಲ. ಹೇಳಿದ ಮೇಲೆ ಎರಡೇ ದಿನದಲ್ಲಿ ಪರ್ವತ, ಕಾರ್ಯ, ಮಾರ್ಗ ಎಲ್ಲ ಓದಿದಳು.

ನಾಗ್ ಅವರ ಅದೇ ಲೇಖನದಲ್ಲಿ ಇನ್ನೊಂದು ವಿಷಯ ಇದೆ. ಇದನ್ನು ನೀವು ಮನೆಯಲ್ಲೇ ಮಾಡಿ ನೋಡಬಹುದು. ‘ಕಡಲೆ’ಯಲ್ಲಿ ‘ಕ’ ತೆಗೆದರೆ ಏನು ಉಳಿಯುತ್ತದೆ ಅಂತ ಕೇಳಿ. ‘ಡಲೆ’ ಅಂತ ತಟ್ಟನೆ ಹೇಳುತ್ತಾಳೆ. ಬರೀ ‘ಕ್’ ತೆಗೆದರೆ? ಉತ್ತರ ‘ಅಡಲೆ’. ಇಲ್ಲಿ ಎಷ್ಟೋ ಮಕ್ಕಳು ಸುಮ್ಮನೆ ಮುಖ ನೋಡುತ್ತಾರೆ. ಯಾಕಂದ್ರೆ ನಮ್ಮ ಲಿಪಿಯಲ್ಲಿ ‘ಕ’ ಒಂದೇ ಗಂಟು, ಅದನ್ನು ಬಿಚ್ಚಿ ಕ್ ಮತ್ತು ಅ ಅಂತ ನೋಡುವ ಪ್ರಸಂಗ ಕಡಿಮೆ. ಬಿಡಿ ಧ್ವನಿ ಕೇಳಿಸಿಕೊಳ್ಳುವ ಈ ಶಕ್ತಿ ಕನ್ನಡ ಮಕ್ಕಳಲ್ಲಿ ನಿಧಾನಕ್ಕೆ ಬರುತ್ತದೆ ಅಂತ ಅವರು ತೋರಿಸಿದರು.

ಇದರ ಪ್ರಭಾವ ಏನು ಅಂತ ಕೇಳಿದ್ದೀರಲ್ಲ. ಆವರೆಗೆ ಓದಿನ ಬಗ್ಗೆ ನಡೆದ ಸಂಶೋಧನೆಯಲ್ಲಿ ಬಹುಪಾಲು ಇಂಗ್ಲಿಷ್ ಮಕ್ಕಳ ಮೇಲೆಯೇ ಆಗಿತ್ತು. 2008ರಲ್ಲಿ ಇಸ್ರೇಲಿನ ಡೇವಿಡ್ ಶೇರ್ ಎಂಬ ಸಂಶೋಧಕರು, ಇಂಗ್ಲಿಷ್ ಉಳಿದೆಲ್ಲ ಲಿಪಿಗಳಿಗಿಂತ ಬೇರೆಯೇ ಥರದ್ದು, ಅದನ್ನೇ ಅಳತೆಗೋಲು ಮಾಡಿಕೊಂಡದ್ದು ತಪ್ಪು ಅಂತ ಬರೆದರು. ಹಾಗಾದರೆ ಬೇರೆ ಲಿಪಿಗಳಲ್ಲಿ ಏನಾಗುತ್ತದೆ? ಆ ಪ್ರಶ್ನೆಗೆ ಕನ್ನಡದಿಂದ ಅಂಕಿಅಂಶ ಇಟ್ಟುಕೊಂಡು ಉತ್ತರ ಕೊಟ್ಟವರಲ್ಲಿ ನಾಗ್ ಒಬ್ಬರು. 2012ರಲ್ಲಿ ಅವರು ಮತ್ತು ಬ್ರಿಟನ್ನಿನ ಡಿಸ್ಲೆಕ್ಸಿಯಾ (ಓದು ಕಲಿಯೋದರಲ್ಲಿ ಬರುವ ತೊಂದರೆ) ತಜ್ಞೆ ಮಾರ್ಗರೆಟ್ ಸ್ನೋಲಿಂಗ್ ಸೇರಿ ಬರೆದ ಲೇಖನ, ಎಲ್ಲ ಭಾಷೆಗೂ ಹೊಂದುವ ಓದಿನ ಸಿದ್ಧಾಂತ ಬೇಕಾದರೆ ಕನ್ನಡದಂಥ ಲಿಪಿಗಳಿಂದ ಏನು ಕಲಿಯಬೇಕು ಅಂತ ಕೇಳುತ್ತದೆ. ಬಿಡಿ ಧ್ವನಿಯ ಅರಿವು ಕನ್ನಡದಲ್ಲೂ ಲೆಕ್ಕಕ್ಕೆ ಬರುತ್ತದೆ, ಆದರೆ ಅದರ ಜೊತೆಗೆ ಇಡೀ ಅಕ್ಷರದ ಜ್ಞಾನವೂ ಬೇಕು. ಓದಿದ್ದು ಅರ್ಥವಾಗಬೇಕಾದರೆ ಪದಸಂಪತ್ತು ಬೇಕು.

ಈ ಕೊನೆಯ ಮಾತು ನಮ್ಮ ಕಡೆ ತುಂಬ ನಿಜ. ನನ್ನ ಕ್ಲಾಸಿನಲ್ಲಿ ತಾಂಡಾದ ಮಕ್ಕಳಿದ್ದಾರೆ, ಮನೆಯಲ್ಲಿ ಲಂಬಾಣಿ ಮಾತು. ಉರ್ದು, ತೆಲುಗು ಮಾತಾಡುವವರೂ ಇದ್ದಾರೆ. ಕನ್ನಡದ ಮನೆಯ ಮಗುವೂ ‘ಮನೆ’ಗೆ ‘ಮನಿ’ ಅಂತ ಬರೆಯುತ್ತದೆ, ಏಕೆಂದರೆ ಅವ್ವ ಅನ್ನೋದೇ ಹಾಗೆ. ಅದನ್ನು ಅಕ್ಷರ ಬಾರದ ತಪ್ಪಿನ ಜೊತೆ ಸೇರಿಸಿ ಕೆಂಪು ಗೆರೆ ಹಾಕಬಾರದು. ಗುಳೆ ಹೋಗುವ ಮನೆಗಳ ಮಕ್ಕಳ ಕಥೆ ಬೇರೆ. ನಾಲ್ಕು ವರ್ಷಕ್ಕೆ ಹರಡಿದ ಕಲಿಕೆಯಲ್ಲಿ ನಾಲ್ಕು ತಿಂಗಳು ತಪ್ಪಿದರೆ ಯಾವುದೋ ಒಂದು ಗುಂಪಿನ ಅಕ್ಷರಗಳೇ ಹಾರಿಹೋಗಿರುತ್ತವೆ.

ಮಸ್ಕಿಯ ಅಶೋಕನ ಶಾಸನ, 1915ರಲ್ಲಿ ಪತ್ತೆಯಾದದ್ದು, ನಮಗೆ ಹತ್ತಿರ. ಮಕ್ಕಳನ್ನು ಕರೆದುಕೊಂಡು ಹೋದಾಗ ಅದರಲ್ಲಿರುವ ‘ಅಸೋಕಸ’ ಎಂಬ ಪದವನ್ನು ಬ್ರಾಹ್ಮಿಯಲ್ಲಿ ಬರೆದು ತೋರಿಸುತ್ತೇನೆ. ‘ಸ’ಕ್ಕೆ ಗೆರೆ ಹತ್ತಿಸಿದರೆ ‘ಸೋ’. ಅದೇ ಕಾಗುಣಿತ, ಎರಡು ಸಾವಿರ ವರ್ಷ ದಾಟಿದ್ದು. ಮಕ್ಕಳಿಗೆ ಅದು ಎಷ್ಟು ಖುಷಿ ಕೊಡುತ್ತದೆ ಗೊತ್ತಾ?

ಈಗ ನಿಮ್ಮ ಮಗಳು. ಒಂದು ವಾರ ದಿನಾ ಹತ್ತು ನಿಮಿಷ ಪಕ್ಕದಲ್ಲಿ ಕೂತು ಓದಿಸಿ. ತಿದ್ದಬೇಡಿ. ತಪ್ಪಿದ ಅಕ್ಷರ ಮಾತ್ರ ಚೀಟಿಯಲ್ಲಿ ಬರೆದಿಡಿ. ಬರೀ ಒತ್ತಕ್ಷರಗಳೇ ಇದ್ದರೆ, ಅದರಲ್ಲೂ ಒಂದೆರಡು ಥರದವೇ ಇದ್ದರೆ, ಅವನ್ನು ಕಲಿಸಿದರೆ ಸಾಕು. ಕಿ, ಕೀ, ಕು ಥರದ ಸರಳ ಕಾಗುಣಿತವೇ ತಪ್ಪುತ್ತಿದ್ದರೆ ಕ್ಲಾಸ್ ಟೀಚರ್ ಹತ್ತಿರ ಮಾತಾಡಿ, ಕಣ್ಣು ಕಿವಿ ಒಮ್ಮೆ ತೋರಿಸಿ. ಚೀಟಿ ತುಂಬಿದ ಮೇಲೆ ಏನೇನು ಬಂತು ಅಂತ ನನಗೂ ತಿಳಿಸಿ, ಎಲ್ಲಿಂದ ಶುರು ಮಾಡೋದು ಅಂತ ಇಬ್ಬರೂ ಸೇರಿ ನೋಡೋಣ.