1999ರ ಮಿಯಾಟಾಗೆ ಟರ್ಬೊ ಹಾಕಿಸಿದರೆ ಎಂಜಿನ್, ಗೇರ್‌ಬಾಕ್ಸ್ ಎಷ್ಟು ಕಾಲ ಬಾಳುತ್ತವೆ?

ನಿಮ್ಮದು 1999ರ ಮಜ್ದಾ ಮಿಯಾಟಾ ಕಾರು, ಐದು ಗೇರಿನದು, ಓಡಿರುವುದು 1 ಲಕ್ಷ 20 ಸಾವಿರ ಮೈಲಿ. ಇರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ. ಟರ್ಬೊ (ಎಂಜಿನ್‌ಗೆ ಹೆಚ್ಚು ಗಾಳಿ ತುರುಕುವ ಸಾಧನ) ಹಾಕಿಸಿ ಚಕ್ರದ ಹತ್ತಿರ 250 ಎಚ್‌ಪಿ ಸಿಗುವ ಹಾಗೆ ಮಾಡಿಸಬೇಕು, ಆಮೇಲೆ ಎಂಜಿನ್, ಕ್ಲಚ್, ಗೇರ್‌ಬಾಕ್ಸ್ ಎಷ್ಟು ಮೈಲಿ ಬಾಳುತ್ತವೆ ಅಂತ ಕೇಳಿದ್ದೀರಿ.

ನೇರವಾಗಿ ಹೇಳಿಬಿಡುತ್ತೇನೆ. 180ರಿಂದ 200ಕ್ಕೆ ನಿಲ್ಲಿಸಿದರೆ ಎಂಜಿನ್ ಬಿಚ್ಚದೆಯೇ ವರ್ಷಗಟ್ಟಲೆ ಓಡಿಸಬಹುದು. 250 ಬೇಕೇ ಬೇಕು ಅಂದರೆ ಗಟ್ಟಿ ಕನೆಕ್ಟಿಂಗ್ ರಾಡ್‌ಗೂ (ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಜೋಡಿಸುವ ಕೋಲು) ಬೇರೆ ಗೇರ್‌ಬಾಕ್ಸ್‌ಗೂ ದುಡ್ಡು ಎತ್ತಿಟ್ಟುಕೊಂಡೇ ಕೈ ಹಾಕಿ. "ಇಷ್ಟು ಸಾವಿರ ಮೈಲಿ ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಟರ್ಬೊ ಹಾಕಿದ ಮೇಲೆ ಭಾಗಗಳ ಆಯಸ್ಸನ್ನು ತೀರ್ಮಾನಿಸುವುದು ಟಾರ್ಕ್ (ತಿರುಗಿಸುವ ಬಲ) ಮತ್ತು ಬಿಸಿ. ಇವೆರಡನ್ನು ಹಿಡಿತದಲ್ಲಿ ಇಟ್ಟವರ ಕಾರು ಓಡುತ್ತಲೇ ಇರುತ್ತದೆ.

ಮೊದಲು ಟಾರ್ಕ್. ಎಲ್ಲರೂ ಎಚ್‌ಪಿ ಎಷ್ಟು ಅಂತ ಕೇಳುತ್ತಾರೆ. ಆದರೆ ರಾಡ್ ಬಗ್ಗಿಸುವುದು, ಗೇರಿನ ಹಲ್ಲು ಮುರಿಯುವುದು ಟಾರ್ಕ್. ಕಂಪನಿಯಿಂದ ಬಂದಾಗ ನಿಮ್ಮ 1.8 ಲೀಟರ್ ಎಂಜಿನ್ 140 ಎಚ್‌ಪಿ, 119 ಪೌಂಡ್-ಅಡಿ ಟಾರ್ಕ್ ಕೊಡುತ್ತಿತ್ತು. ಈಗ ಒಂದು ಸಣ್ಣ ಲೆಕ್ಕ ನೋಡಿ. 6,500 ಆರ್‌ಪಿಎಂನಲ್ಲಿ 200 ಎಚ್‌ಪಿ ಬರಬೇಕಾದರೆ ಸುಮಾರು 162 ಪೌಂಡ್-ಅಡಿ ಸಾಕು. ಅದೇ 200 ಎಚ್‌ಪಿ 4,500 ಆರ್‌ಪಿಎಂನಲ್ಲೇ ಬೇಕು ಅಂದರೆ 233 ಪೌಂಡ್-ಅಡಿ ಆಗುತ್ತದೆ. ಎಚ್‌ಪಿ ಎರಡು ಕಡೆಯೂ ಒಂದೇ, ರಾಡಿನ ಮೇಲೆ ಬೀಳುವ ಏಟು ಮಾತ್ರ ಬೇರೆ ಬೇರೆ. ಸಣ್ಣ ಟರ್ಬೊ ಹಾಕಿ, ಕೆಳಗಿನ ಆರ್‌ಪಿಎಂನಲ್ಲೇ ಪೂರ್ತಿ ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಬಿಟ್ಟರೆ ಓಡಿಸಲು ಭಾರೀ ಮಜಾ ಇರುತ್ತದೆ. ರಾಡ್ ಬಗ್ಗುವುದೂ ಅಲ್ಲೇ.

ಈ ಎಂಜಿನ್ನಿನ ಬ್ಲಾಕ್ ಬೀಡುಕಬ್ಬಿಣದ್ದು, ತುಂಬಾ ಗಟ್ಟಿ. ಮಜ್ದಾ 323 ಕಾರಿನಲ್ಲಿ ಇದೇ ಕುಟುಂಬದ ಎಂಜಿನ್‌ಗೆ ಕಂಪನಿಯೇ ಟರ್ಬೊ ಕೂರಿಸಿ ಮಾರಿತ್ತು. ಆದರೆ ಮಿಯಾಟಾದ ರಾಡ್‌ಗಳು ಸಪೂರ. ಇವಕ್ಕೆ ಟರ್ಬೊ ಕೂರಿಸಿ ಪಳಗಿದವರು ಸಾಮಾನ್ಯವಾಗಿ ಚಕ್ರದ ಹತ್ತಿರ 200 ಪೌಂಡ್-ಅಡಿ ಆಸುಪಾಸಿಗೆ ಗೆರೆ ಎಳೆಯುತ್ತಾರೆ. ಟ್ಯೂನ್ ಮಾಡುವವರ ಹತ್ತಿರ ಹೋದಾಗ ಎಚ್‌ಪಿ ಮಾತು ಎತ್ತಬೇಡಿ. "ಟಾರ್ಕ್ 190 ದಾಟಬಾರದು, ಬೂಸ್ಟ್ ನಿಧಾನಕ್ಕೆ ಏರಲಿ" ಅಂತ ಹೇಳಿ. ಕೆಲಸ ಗೊತ್ತಿರುವವರಿಗೆ ಅಷ್ಟು ಸಾಕು. ಇನ್ನೊಂದು, ಕ್ಯಾಲಿಫೋರ್ನಿಯಾದಲ್ಲಿ ಬಂಕ್‌ನಲ್ಲಿ ಸಿಗುವ ಪ್ರೀಮಿಯಂ ಪೆಟ್ರೋಲ್ 91 ಆಕ್ಟೇನ್. ಬೇರೆ ರಾಜ್ಯದವರು 93ರಲ್ಲಿ ಮಾಡಿದ ಟ್ಯೂನ್ ಫೈಲನ್ನು ಹಾಗೇ ತಂದು ಹಾಕಿದರೆ ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ತಾನಾಗಿಯೇ ಸಿಡಿಯುವುದು, ಶುರುವಾಗುತ್ತದೆ. ನಾಕಿಂಗ್ ಆದರೆ ಪಿಸ್ಟನ್‌ನಲ್ಲಿ ರಿಂಗ್ ಕೂರುವ ಅಂಚು ಒಡೆಯುತ್ತದೆ. ಅದಕ್ಕೆ ಮೈಲಿ, ವರ್ಷ ಯಾವುದೂ ಬೇಡ, ಒಂದು ಸಂಜೆ ಸಾಕು.

ಗೇರ್‌ಬಾಕ್ಸ್ ಬಗ್ಗೆ. ಐದು ಗೇರಿನದು ಮೂಲ ಟಾರ್ಕಿನಲ್ಲಿ ಕಾರು ಗುಜರಿಗೆ ಹೋಗುವ ತನಕ ಬಾಳುವ ಮಾಲು. ಟರ್ಬೊ ಜೊತೆಗೆ ಅದು ಎಷ್ಟು ಬಾಳುತ್ತದೆ ಅನ್ನುವುದು ನಿಮ್ಮ ಕಾಲಿನ ಮೇಲಿದೆ. ಕ್ಲಚ್ ಧಡಕ್ಕನೆ ಬಿಟ್ಟು, ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಹಲ್ಲು ಹೋಗುತ್ತದೆ. ಗೇರ್ ಆಯಿಲ್ ಬದಲಿಸುವಾಗ ಡ್ರೈನ್ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ತುದಿಯ ಮ್ಯಾಗ್ನೆಟ್‌ಗೆ ಬೂದು ಬಣ್ಣದ ನುಣ್ಣನೆಯ ಕೆಸರು ಅಂಟಿದ್ದರೆ, ಆಯಿಲ್‌ನಲ್ಲಿ ಹಿತ್ತಾಳೆ ಬಣ್ಣದ ಹೊಳಪು ಸ್ವಲ್ಪ ಇದ್ದರೆ ಚಿಂತೆ ಇಲ್ಲ, ಕೆಸರು ಮಾಮೂಲಿ ಸವೆತದ್ದು, ಹಿತ್ತಾಳೆ ಹೊಳಪು ಗೇರ್ ಸಲೀಸಾಗಿ ಬೀಳುವ ಹಾಗೆ ಮಾಡುವ ಸಿಂಕ್ರೊ ಸವೆದ ಪುಡಿ. ಬೆರಳಿಗೆ ಚುಚ್ಚುವಂಥ ಉಕ್ಕಿನ ಚೂರು ಸಿಕ್ಕರೆ ಹಲ್ಲು ಏಳುತ್ತಿದೆ ಅಂತ ಅರ್ಥ. ಆರು ಗೇರಿನ ಪೆಟ್ಟಿಗೆ ಇದಕ್ಕಿಂತ ಗಟ್ಟಿ. 1999ರಲ್ಲೇ ಬಂದ ಹತ್ತನೇ ವಾರ್ಷಿಕೋತ್ಸವದ ನೀಲಿ ಮಿಯಾಟಾದಲ್ಲಿ ಅದು ಇತ್ತು, ನಿಮ್ಮ ಕಾರಿಗೂ ಕೂರುತ್ತದೆ.

ಕ್ಲಚ್ ವಿಷಯದಲ್ಲಿ ಜಾಸ್ತಿ ಹೇಳುವುದಿಲ್ಲ. ಹಳೇ ಕ್ಲಚ್ ಜಾರುತ್ತದೆ, ಬದಲಿಸಲೇಬೇಕು. ಆದರೆ ಅಂಗಡಿಯಲ್ಲಿರುವ ಅತಿ ಬಿಗಿ ಪ್ರೆಶರ್ ಪ್ಲೇಟ್ ತರಬೇಡಿ. ನೀವು ಪೆಡಲ್ ಒತ್ತಿದಷ್ಟೂ ಸಲ ಅದು ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ತಳ್ಳುತ್ತದೆ. ಆ ಭಾರ ಹೊರುವುದು ಥ್ರಸ್ಟ್ ಬೇರಿಂಗ್. ಅದು ಸವೆದರೆ ಎಂಜಿನ್ ಪೂರ್ತಿ ಬಿಚ್ಚಬೇಕು. ಪರೀಕ್ಷೆ ಸುಲಭ. ಎಂಜಿನ್ ಆಫ್ ಇರಲಿ. ಗೆಳೆಯರೊಬ್ಬರನ್ನು ಒಳಗೆ ಕೂರಿಸಿ ಕ್ಲಚ್ ಒತ್ತಿಸಿ, ನೀವು ಬಾನೆಟ್ ತೆಗೆದು ಮುಂದಿನ ಕ್ರ್ಯಾಂಕ್ ಪುಲ್ಲಿ ನೋಡಿ. ಕಣ್ಣಿಗೆ ಎದ್ದು ಕಾಣುವಷ್ಟು ಮುಂದಕ್ಕೆ ಸರಿದರೆ ಟರ್ಬೊ ಯೋಚನೆ ಅಲ್ಲಿಗೇ ನಿಲ್ಲಿಸಿ.

ಇನ್ನು ಬಿಸಿ. ನನಗೆ ಇದು ಟಾರ್ಕ್‌ಗಿಂತ ಮುಖ್ಯ. ಟಾರ್ಕ್ ಮಿತಿಯ ಬಗ್ಗೆ ಕೆಲವರಾದರೂ ಮಾತಾಡುತ್ತಾರೆ, ಬಿಸಿಯನ್ನು ಕೆಟ್ಟ ಮೇಲೆ ನೆನೆಸಿಕೊಳ್ಳುತ್ತಾರೆ. ಈ ಎಂಜಿನ್ ಕುಟುಂಬ ಹುಟ್ಟಿದ್ದು ಅಡ್ಡಲಾಗಿ ಕೂರುವ ಮುಂಚಕ್ರ ಚಾಲನೆಯ ಕಾರಿಗೆ. ಅಲ್ಲಿ ಕೂಲಂಟ್ ಎಂಜಿನ್ನಿನ ಒಂದು ತುದಿಯಿಂದ ಒಳಗೆ ಬಂದು ಇನ್ನೊಂದು ತುದಿಯಿಂದ ಹೊರಗೆ ಹೋಗುತ್ತಿತ್ತು. ಮಿಯಾಟಾದಲ್ಲಿ ಉದ್ದಕ್ಕೆ ಕೂರಿಸಿದಾಗ ಕೂಲಂಟ್ ಹೊರಗೆ ಹೋಗುವ ದಾರಿಯಲ್ಲಿರುವ ಥರ್ಮೋಸ್ಟಾಟನ್ನು ಮುಂದಕ್ಕೆ ತಂದರು. ಹಾಗಾಗಿ ಹಿಂದಿನ ಸಿಲಿಂಡರ್‌ಗಳಿಗೆ, ಅದರಲ್ಲೂ ನಾಲ್ಕನೆಯದಕ್ಕೆ, ಕೂಲಂಟ್ ಸರಿಯಾಗಿ ಹರಿಯುವುದಿಲ್ಲ. ಮಾಮೂಲಿ ಓಡಾಟಕ್ಕೆ ಇದರಿಂದ ತೊಂದರೆ ಇಲ್ಲ. ಟರ್ಬೊ ಇದ್ದು ಬೇಸಿಗೆಯಲ್ಲಿ ಥಂಡರ್‌ಹಿಲ್ ಟ್ರ್ಯಾಕಿಗೆ ಹೋದಿರೋ, ಮೊದಲು ಕಷ್ಟಕ್ಕೆ ಸಿಗುವುದು ಆ ನಾಲ್ಕನೇ ಸಿಲಿಂಡರ್. ಕೂಲಂಟ್ ಮತ್ತೆ ಹಿಂದಿನಿಂದ ಹೊರಗೆ ಹೋಗುವ ಹಾಗೆ ಮಾಡುವ ರೀರೂಟ್ ಕಿಟ್ ಸಿಗುತ್ತದೆ. ಟರ್ಬೊಗಿಂತ ಮೊದಲು ಅದನ್ನು ಹಾಕಿಸಿ. ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಕಾಲ ಮುಗಿದಿದೆ, ಬಿರುಕು ಬಿಡುವ ತನಕ ಕಾಯಬೇಡಿ.

ಡ್ಯಾಶ್‌ಬೋರ್ಡ್ ಮೀಟರ್ ನೋಡಿಕೊಂಡು ಓಡಿಸುತ್ತೇನೆ ಅಂದುಕೊಂಡಿದ್ದರೆ ಅದು ಸಾಲದು. ಆ ಟೆಂಪರೇಚರ್ ಮುಳ್ಳು ಬಿಸಿ ಎಷ್ಟೇ ಏರುಪೇರಾದರೂ ನಡುವೆಯೇ ನಿಂತಿರುತ್ತದೆ, ಅದು ಅಲುಗಾಡುವ ಹೊತ್ತಿಗೆ ಕೈಮೀರಿರುತ್ತದೆ. ಆಯಿಲ್ ಪ್ರೆಶರ್ ಮೀಟರ್ ಅಂತೂ ಮೀಟರೇ ಅಲ್ಲ. ಪ್ರೆಶರ್ ಇದೆಯೋ ಇಲ್ಲವೋ ಅಷ್ಟನ್ನೇ ತೋರಿಸುವ ಸ್ವಿಚ್ ಅದರ ಹಿಂದೆ ಇದೆ. ಕೂಲಂಟ್, ಆಯಿಲ್ ಪ್ರೆಶರ್, ಗಾಳಿ-ಪೆಟ್ರೋಲ್ ಅನುಪಾತ, ಈ ಮೂರಕ್ಕೂ ಬೇರೆ ಗೇಜ್ ಹಾಕಿಸಿ.

ಟರ್ಬೊ ಕೂರಿಸಿದ ಮೇಲೆ ಜನ ಮರೆಯುವ ಜಾಗ ಒಂದಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ (ಎಂಜಿನ್ನಿಂದ ಹೊಗೆ ಹೊರಬರುವ ಕೊಳವೆ) ಟರ್ಬೊ ಹಿಡಿದಿರುವ ಸ್ಟಡ್‌ಗಳು, ಅಂದರೆ ತಲೆಯಿಲ್ಲದ ಬೋಲ್ಟ್‌ಗಳು. ಟರ್ಬೊದ ಭಾರವೆಲ್ಲ ಅವುಗಳ ಮೇಲೆ ನೇತಾಡುತ್ತಿರುತ್ತದೆ. ಮ್ಯಾನಿಫೋಲ್ಡ್ ಕೆಂಪಗೆ ಕಾಯುತ್ತದೆ, ಆರುತ್ತದೆ, ಮತ್ತೆ ಕಾಯುತ್ತದೆ. ಮಾಮೂಲಿ ಉಕ್ಕಿನ ಸ್ಟಡ್ ಆ ಬಿಸಿಗೆ ಎಳೆದುಕೊಂಡು ಸಡಿಲವಾಗುತ್ತದೆ, ಕೆಲವು ತುಂಡಾಗುತ್ತವೆ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿದಾಗ "ಟಿಕ್ ಟಿಕ್" ಅಂತ ಸದ್ದು ಬಂದು, ಬಿಸಿಯಾದ ಮೇಲೆ ನಿಂತುಹೋದರೆ ಟಾರ್ಚ್ ಹಿಡಿದು ಗ್ಯಾಸ್ಕೆಟ್ ಸುತ್ತ ನೋಡಿ. ಮಸಿಯ ಕಪ್ಪು ಗೆರೆ ಕಂಡರೆ ಅಲ್ಲಿಂದ ಹೊಗೆ ಸೋರುತ್ತಿದೆ. ನನ್ನ ಕಾರಿನಲ್ಲಿ ಸ್ಕೈಲೈನ್ ಬುಲೆವಾರ್ಡ್ ಕಡೆ ಸುತ್ತಾಡಿ ಬಂದ ಮೇಲೆ ಹೀಗೆ ಕಾಣಿಸಿಕೊಂಡಿತ್ತು. ಆಮೇಲೆ ಇಂಕೊನೆಲ್ ಸ್ಟಡ್ ಹಾಕಿಸಿದೆ. ಬೆಲೆ ಜಾಸ್ತಿ, ಆದರೆ ಆ ಲೋಹ ಬಿಸಿಯಲ್ಲೂ ಹಿಡಿತ ಬಿಡುವುದಿಲ್ಲ. ಅಲ್ಲಿ ಮಾತ್ರ ದುಡ್ಡು ಉಳಿಸಬೇಡಿ.

ಆಯಿಲ್ 3,000 ಮೈಲಿಗೊಮ್ಮೆ ಬದಲಿಸಿ. ಘಾಟಿ ಹತ್ತಿ ಬಂದ ಕೂಡಲೇ ಎಂಜಿನ್ ಆಫ್ ಮಾಡಬೇಡಿ. ಕೊನೆಯ ಒಂದೆರಡು ಮೈಲಿ ಮೆಲ್ಲಗೆ ಓಡಿಸಿ. ಇಲ್ಲದಿದ್ದರೆ ಟರ್ಬೊ ಬೇರಿಂಗ್‌ನಲ್ಲಿ ನಿಂತ ಆಯಿಲ್ ಬಾಣಲೆಯ ತಳದ ಎಣ್ಣೆಯ ಹಾಗೆ ಕರಿಕಟ್ಟುತ್ತದೆ.

ಸ್ಮಾಗ್ ಟೆಸ್ಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಕ್ಯಾಲಿಫೋರ್ನಿಯಾದಲ್ಲಿ ನಿಮ್ಮ ಕಾರಿಗೆ ಎರಡು ವರ್ಷಕ್ಕೊಮ್ಮೆ ಅದು ಇದ್ದೇ ಇರುತ್ತದೆ. ಹೊಗೆ ಅಳೆಯುವುದರ ಜೊತೆಗೆ ಬಾನೆಟ್ ತೆಗೆದು ಕಣ್ಣಲ್ಲೂ ಪರೀಕ್ಷೆ ಮಾಡುತ್ತಾರೆ. ಹೊರಗಿನ ಟರ್ಬೊ ಕಿಟ್ ಮೇಲೆ ರಾಜ್ಯದ ಏರ್ ರಿಸೋರ್ಸಸ್ ಬೋರ್ಡ್ ಕೊಟ್ಟ ಅನುಮತಿ ಸಂಖ್ಯೆ ಇಲ್ಲದಿದ್ದರೆ ಹೊಗೆ ಎಷ್ಟು ಶುಭ್ರವಾಗಿದ್ದರೂ ಫೇಲ್. ಕಿಟ್ ಕೊಳ್ಳುವ ಮೊದಲೇ ಆ ಸಂಖ್ಯೆ ನಿಮ್ಮ ವರ್ಷದ ಕಾರಿಗೆ ಅನ್ವಯಿಸುತ್ತದಾ ಅಂತ ನೋಡಿಕೊಳ್ಳಿ. ಪ್ರತಿ ಸಲ ಟೆಸ್ಟ್‌ಗೆ ಮುಂಚೆ ಟರ್ಬೊ ಬಿಚ್ಚಿ ಆಮೇಲೆ ಕೂರಿಸುತ್ತೇನೆ ಅನ್ನುವವರು ಸಿಗುತ್ತಾರೆ. ಕಾನೂನಿಗೂ ಅದು ಸರಿಯಲ್ಲ, ಆ ಸ್ಟಡ್‌ಗಳಿಗೂ ಒಳ್ಳೆಯದಲ್ಲ.

ನನ್ನನ್ನು ಕೇಳಿದರೆ ಮೊದಲ ವರ್ಷ ಟರ್ಬೊ ಬೇಡ. ಇದು ಸುಮಾರು 1,050 ಕೆಜಿ ತೂಗುವ ಕಾರು. ಇದರ ಸುಖ ಇರುವುದು ತಿರುವಿನಲ್ಲಿ. ಇಷ್ಟು ವರ್ಷದ ರಬ್ಬರ್ ಬುಷ್, ಶಾಕ್ ಅಬ್ಸಾರ್ಬರ್, ಬಾಲ್ ಜಾಯಿಂಟ್ ಎಲ್ಲ ಹೊಸದಾದರೆ ಇದೇ 140 ಎಚ್‌ಪಿಯಲ್ಲಿ ನಿಮಗೆ ಬೇರೆಯೇ ಕಾರು ಸಿಗುತ್ತದೆ. ಪಾಲಿಯುರೇಥೇನ್ ಬುಷ್ ಹಾಕಿಸಿದರೆ ಗ್ರೀಸ್ ಮಾಡುತ್ತಲೇ ಇರಬೇಕು, ಇಲ್ಲದಿದ್ದರೆ ಕಿರುಗುಟ್ಟುತ್ತದೆ. ರಸ್ತೆಗೆ ಕಂಪನಿಯ ರಬ್ಬರೇ ವಾಸಿ. ಟ್ರ್ಯಾಕಿಗೆ ಹೋಗುವುದಾದರೆ ಒಳ್ಳೆಯ ಬ್ರೇಕ್ ಪ್ಯಾಡ್, ಹೊಸ ಬ್ರೇಕ್ ಫ್ಲೂಯಿಡ್ ಕಡ್ಡಾಯ. ಹಳೇ ಫ್ಲೂಯಿಡ್ ನೀರು ಹೀರಿಕೊಂಡಿರುತ್ತದೆ, ಕುದಿದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಅಂಟುವ ಟೈರ್ ಹಾಕಿದರೆ ಮುಂದಿನ ಹಬ್ ಬೇರಿಂಗ್ ಬೇಗ ಸವೆಯುತ್ತದೆ. ಹೋಗುವ ಮುಂಚೆ ಪ್ರತಿ ಸಲ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡಿ.

ಈ ವಾರ ಮಾಡಬೇಕಾದ್ದು ಎರಡೇ. ಟೈಮಿಂಗ್ ಬೆಲ್ಟ್ ಕೊನೆಗೆ ಯಾವಾಗ ಬದಲಾಯಿಸಿದ್ದು ಅಂತ ಹಳೇ ಬಿಲ್‌ಗಳಲ್ಲಿ ಹುಡುಕಿ. ಸಿಗದಿದ್ದರೆ ವಾಟರ್ ಪಂಪ್ ಸಮೇತ ಬದಲಿಸಿಬಿಡಿ. ಆಮೇಲೆ ಕಂಪ್ರೆಷನ್ ಟೆಸ್ಟ್, ಲೀಕ್‌ಡೌನ್ ಟೆಸ್ಟ್ (ಸಿಲಿಂಡರ್ ಒತ್ತಡ ಹಿಡಿದಿಡುತ್ತದಾ ಅಂತ ನೋಡುವ ಪರೀಕ್ಷೆಗಳು) ಮಾಡಿಸಿ. ನಾಲ್ಕೂ ಸಿಲಿಂಡರ್‌ಗಳ ಅಂಕಿ ಹತ್ತಿರ ಹತ್ತಿರ ಇರಬೇಕು. ಅಂಕಿ ಬಂದ ಮೇಲೆ ಇಲ್ಲೇ ಕಮೆಂಟ್‌ನಲ್ಲಿ ಹಾಕಿ. ನಾಲ್ಕನೆಯದು ಹೇಗಿದೆ ಅಂತ ನೋಡಿ, ಈ ಎಂಜಿನ್ ಎಷ್ಟು ಬೂಸ್ಟ್ ತಡೆದುಕೊಳ್ಳಬಹುದು ಅಂತ ಹೇಳುತ್ತೇನೆ.