ಈ ಸೀಡ್ ಬಿತ್ತುವ ಬೀಜವಲ್ಲ

ಪ್ರಶ್ನೆ: ನಾವು ಟೊಮ್ಯಾಟೊ ಬೆಳೆಯುವವರು. ಮಗ ಬೆಂಗಳೂರಲ್ಲಿದ್ದಾನೆ, ಬಿಟ್‌ಕಾಯಿನ್ ಅನ್ನೋ ಡಿಜಿಟಲ್ ದುಡ್ಡು ಸ್ವಲ್ಪ ಕೊಂಡಿದ್ದಾನಂತೆ. ಮೊನ್ನೆ ಊರಿಗೆ ಬಂದವನು ಒಂದು ಚೀಟಿ ಕೊಟ್ಟು, ‘ಇದು ನನ್ನ ವ್ಯಾಲೆಟ್ಟಿನ ಸೀಡ್ ಅಪ್ಪಾ, ಜೋಪಾನ’ ಅಂದ. ನೋಡಿದರೆ 12 ಇಂಗ್ಲಿಷ್ ಪದ! ಸೀಡ್ ಅಂದರೆ ನಮಗೆ ಗೊತ್ತಿರುವುದು ಬಿತ್ತನೆ ಬೀಜ. ಮೈನಿಂಗ್ ಅಂತಲೂ ಏನೋ ಹೇಳುತ್ತಾನೆ. ಏನಿದೆಲ್ಲ?
– ಓದುಗರೊಬ್ಬರು, ಮುಳಬಾಗಿಲು

ಉತ್ತರ: ನೀವು ಬೀಜ ಅಂದುಕೊಂಡದ್ದು ಪೂರ್ತಿ ತಪ್ಪೇನಲ್ಲ. ಆ ವ್ಯಾಲೆಟ್ಟಿನ ಕೀಲಿಗಳೆಲ್ಲ ಹುಟ್ಟುವುದು ಆ 12 ಪದಗಳಿಂದಲೇ, ಅದಕ್ಕೇ ಆ ಹೆಸರು. ಕೆಲವರದ್ದು 24 ಪದ ಇರುತ್ತದೆ.

ದಾರಿ ತಪ್ಪಿಸುವ ಹೆಸರು ವ್ಯಾಲೆಟ್. ಪರ್ಸಿನಲ್ಲಿ ದುಡ್ಡು ಇರುತ್ತದೆ, ಇದರಲ್ಲಿ ಇರಲ್ಲ. ಕೋಲಾರದ ಮಾರ್ಕೆಟ್ಟಿಗೆ ನೀವು ಹಾಕಿದ ಬಾಕ್ಸುಗಳ ಲೆಕ್ಕ ಮಂಡಿಯವರ ಪುಸ್ತಕದಲ್ಲಿರುತ್ತದೆ, ಪುಸ್ತಕ ಒಂದೇ, ಅದೂ ಅವರ ಕೈಯಲ್ಲೇ. ಬಿಟ್‌ಕಾಯಿನ್ನಿನ ಲೆಕ್ಕದ ಪುಸ್ತಕ ಮಾತ್ರ ಪ್ರಪಂಚದ ಸಾವಿರಾರು ಕಂಪ್ಯೂಟರುಗಳಲ್ಲಿ ಒಂದೇ ಥರ ಇರುತ್ತದೆ, ಯಾರೋ ಒಬ್ಬರು ಕೂತು ಹಳೇ ಪುಟ ತಿದ್ದೋಕೆ ಆಗಲ್ಲ. ಅದೇ ಬ್ಲಾಕ್‌ಚೈನ್. ನಿಮ್ಮ ಮಗನ ಕಾಯಿನ್ ಇರುವುದು ಆ ಪುಸ್ತಕದಲ್ಲಿ, ವ್ಯಾಲೆಟ್ಟಿನಲ್ಲಿರುವುದು ಅದನ್ನು ಬೇರೆಯವರ ಹೆಸರಿಗೆ ದಾಟಿಸುವ ಕೀಲಿ ಅಷ್ಟೇ.

ಈಗ ಚೀಟಿಗೆ ಬರೋಣ. ವ್ಯಾಲೆಟ್ ಇರುವ ಮಗನ ಫೋನ್ ಕಳೆದುಹೋದರೂ ಈ ಪದಗಳನ್ನು ಇನ್ನೊಂದು ಫೋನಿನಲ್ಲಿ ಹಾಕಿದರೆ ಎಲ್ಲ ವಾಪಸ್ ಬರುತ್ತದೆ. ಫೋನೂ ಹೋಗಿ ಚೀಟಿಯೂ ಹೋದರೆ? ಹೋಯ್ತು. ಅರ್ಜಿ ಕೊಡೋಕೆ ಬ್ಯಾಂಕೂ ಇಲ್ಲ, ಮ್ಯಾನೇಜರೂ ಇಲ್ಲ. ಬೇರೆ ಯಾರಾದರೂ ಆ ಪದಗಳನ್ನು ನೋಡಿಕೊಂಡರೆ ಕೂತಲ್ಲೇ ಎಲ್ಲ ಬಾಚಿಕೊಳ್ಳಬಹುದು, ಒಮ್ಮೆ ಹೋದದ್ದನ್ನು ವಾಪಸ್ ತರಿಸುವ ದಾರಿಯಿಲ್ಲ. ಅದಕ್ಕೇ ಚೀಟಿಯ ಫೋಟೋ ತೆಗೆಯಬೇಡಿ, ವಾಟ್ಸಾಪಿನಲ್ಲಿ ಮಗನಿಗೂ ಕಳಿಸಬೇಡಿ. ‘ಕಸ್ಟಮರ್ ಕೇರ್’ ಅಂತ ಫೋನ್ ಮಾಡಿ ಪದ ಕೇಳುವವನು ಕಳ್ಳ, ಅನುಮಾನವೇ ಬೇಡ. ಜಮೀನಿನ ಕ್ರಯಪತ್ರ ಎಲ್ಲಿಟ್ಟಿದ್ದೀರೋ ಅಲ್ಲೇ ಇಡಿ. ಇನ್ನೊಂದು ಮಾತು, ಪದಗಳ ಮುಂದೆ 1ರಿಂದ 12ರವರೆಗೆ ನಂಬರ್ ಹಾಕಿದ್ದಾನಾ ನೋಡಿ, ಕ್ರಮ ತಪ್ಪಿದರೆ ಚೀಟಿ ಇದ್ದೂ ಪರದಾಡಬೇಕಾಗುತ್ತದೆ.

ಮೈನಿಂಗ್ ಅಂದರೆ ಇಲ್ಲಿ ಅಗೆಯುವುದೇನಿಲ್ಲ. ನಮ್ಮ ಕೆ.ಜಿ.ಎಫ್. ಗಣಿ 2001ರಲ್ಲೇ ಮುಚ್ಚಿತು, ಈ ಗಣಿ ಶುರುವಾದದ್ದು 2009ರಲ್ಲಿ! ಲೆಕ್ಕದ ಪುಸ್ತಕಕ್ಕೆ ಹೆಚ್ಚೂಕಮ್ಮಿ 10 ನಿಮಿಷಕ್ಕೊಂದು ಹೊಸ ಪುಟ ಸೇರುತ್ತದೆ, ಅದನ್ನು ಸೇರಿಸೋಕೆ ಕಂಪ್ಯೂಟರುಗಳು ಪೈಪೋಟಿಗೆ ಬೀಳುತ್ತವೆ, ಗೆದ್ದವರಿಗೆ ಹೊಸ ಕಾಯಿನ್ ಸಿಗುತ್ತದೆ. ಮೊದಲು 50 ಸಿಗುತ್ತಿತ್ತು, ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಬಂದು 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು. ಹೀಗೆ ಅರ್ಧವಾಗುವುದೇ ಹಾವಿಂಗ್. ಒಟ್ಟು 2.1 ಕೋಟಿಗಿಂತ ಜಾಸ್ತಿ ಕಾಯಿನ್ ಬರುವುದೇ ಇಲ್ಲ.

ಕೊನೆಗೆ ನೀವು ಕೇಳದ ವಿಷಯ. ಟೊಮ್ಯಾಟೊ ದುಡ್ಡಿಗೆ ಆದಾಯ ತೆರಿಗೆ ಇಲ್ಲ ಅಲ್ವಾ, ಇದಕ್ಕೆ ಉಂಟು. 2022ರಿಂದ ಲಾಭದ ಮೇಲೆ ಶೇ. 30, ಮೇಲೆ ಸೆಸ್ಸು ಬೇರೆ. ಒಂದು ಕಾಯಿನ್ನಿನಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವ ಹಾಗೂ ಇಲ್ಲ. ಮಗನಿಗೆ ಇದು ಗೊತ್ತಾ, ಕೇಳಿ ನೋಡಿ.